ಭರ್ತಿಯಾದ ಕಲ್ಲು

ಜಿಲ್ಲಾ ಕಚೇರಿಯ ಅಂಗಳದಲ್ಲಿ ನಿಂತಿರುವ ಕರಿಕಲ್ಲಿನ ಅಕ್ಷರ ಕೆತ್ತಿದವನನ್ನು ಊರೆಲ್ಲ ಹಿಟ್ಟಪ್ಪ ಎಂದೇ ಕರೆಯುತ್ತಿತ್ತು. ನಲವತ್ತು ವರ್ಷ ಕಲ್ಲಿನ ಪುಡಿಯಲ್ಲೇ ಮುಳುಗೆದ್ದ ದೇಹ. ಅವನೊಮ್ಮೆ ಸೀನಿದರೆ ಎದುರುಸಾಲಿನ ಬೇಕರಿಯವನು ಓಡಿಬಂದು ಬ್ರೆಡ್ಡಿಗೆ ಬಟ್ಟೆ ಹೊದಿಸಬೇಕಿತ್ತು. ಅವನು ಕೆತ್ತಿದ ಸಾಲು ಎಷ್ಟು ನೇರವೆಂದರೆ, ಅಡ್ಡಾದಿಡ್ಡಿ ಓಡಾಡುವ ಇರುವೆಗಳೂ ಆ ಕಲ್ಲು ಹತ್ತಿದ ಕೂಡಲೇ ಕವಾಯತಿಗೆ ನಿಂತುಬಿಡುತ್ತಿದ್ದವು.

ಯುದ್ಧ ಶುರುವಾದ ಮೂರನೆಯ ವರ್ಷ, ಜಿಲ್ಲೆಯಿಂದ ಹೋಗಿ ಸತ್ತ ಸಿಪಾಯಿಗಳ ಹೆಸರು ಕೆತ್ತುವ ಕೆಲಸ ಅವನಿಗೆ ಬಂತು. ಆಳೆತ್ತರದ ಕಲ್ಲು, ಹನ್ನೊಂದು ಹೆಸರು. ಪಟ್ಟಿ ಕೊಡುತ್ತ ಕಚೇರಿಯ ಗುಮಾಸ್ತ, "ಮೇಲರ್ಧದಲ್ಲೇ ಮುಗಿಸು. ಕೆಳಗೆ ಖಾಲಿ ಬಿಡು, ಮುಂದಕ್ಕೆ ಬೇಕಾಗುತ್ತೆ," ಎಂದ.

"ಮುಂದಕ್ಕೆ ಯಾರು ಸ್ವಾಮಿ? ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದ ಹಾಗೆ ಈಗ್ಲೇ ಜಾಗ ಹಿಡಿದಿದ್ದಾರಾ?"

"ತಲೆಹರಟೆ ಬೇಡ. ಹೇಳಿದಷ್ಟು ಮಾಡು."

ಹಿಟ್ಟಪ್ಪ ಹೇಳಿದಷ್ಟು ಮಾಡಲಿಲ್ಲ. ಕಲ್ಲಿನ ಕೆಳಗಿನ ಆ ನುಣುಪಾದ ಬಯಲು ಬಾಯಿ ತೆರೆದು ಕೂತಂತೆ ಕಂಡಿತು ಅವನಿಗೆ. ಎಲ್ಲರೂ ಅಂಜುವ ಸಾವು ಜಾಗವಿದ್ದಲ್ಲಿಗೆ ತಾನೆ ಬರುವುದು? ಸೀಮೆಸುಣ್ಣದಲ್ಲಿ ಗೆರೆ ಹಾಕುವಾಗಲೇ ಅಕ್ಷರಗಳನ್ನು ಅಂಗೈಯಗಲ ಹಿಗ್ಗಿಸಿದ, ಸಾಲುಗಳ ನಡುವೆ ನಾಲ್ಕು ಬೆರಳು ಬಿಟ್ಟ. ಹನ್ನೊಂದನೆಯ ಹೆಸರು ನೆಲಕ್ಕೆ ತಾಗಿಕೊಂಡೇ ಮುಗಿಯಿತು. ಇನ್ನೊಂದು ಚುಕ್ಕೆಗೂ ಎಡೆಯಿಲ್ಲ. ಗುಮಾಸ್ತ ಬೈದ, ತಲೆ ಚಚ್ಚಿಕೊಂಡ. ಆದರೆ ಸತ್ತವರ ಹೆಸರನ್ನು ಉಜ್ಜಿ ತೆಗೆಯಲು ಯಾವ ಸಾಹೇಬನೂ ಸಹಿ ಹಾಕಲಿಲ್ಲ.

ಆಮೇಲೆ ಹದಿನಾಲ್ಕು ತಿಂಗಳು ಜಿಲ್ಲೆಗೆ ಒಂದೂ ಸಾವಿನ ಸುದ್ದಿ ಬರಲಿಲ್ಲ. ಹಿಟ್ಟಪ್ಪ ಚಹಾದಂಗಡಿಯಲ್ಲಿ ಎದೆ ಸೆಟೆಸಿ ಕೂರುತ್ತಿದ್ದ.

"ಸೇನಾಪತಿಗಳ ಕೈಲಾಗದ್ದನ್ನ ಒಂದು ಉಳೀಲಿ ಮಾಡ್ದೆ ನೋಡ್ರಯ್ಯಾ. ಎರಡೂ ಕಡೆ ದೊರೆಗಳು ನಮ್ಮನೆ ಬಾಗ್ಲಲ್ಲಿ ಕ್ಯೂ ನಿಂತಿದ್ದಾರೆ. ನಾನೇ ಒಳಗೆ ಬಿಡ್ತಿಲ್ಲ!"

ಹದಿನೈದನೆಯ ತಿಂಗಳಲ್ಲಿ ಸತ್ತವನು ಅವನ ಅಣ್ಣನ ಮಗ.

ಅಣ್ಣ ತೀರಿಕೊಂಡ ಮೇಲೆ ಹಿಟ್ಟಪ್ಪನ ಹೆಗಲ ಮೇಲೇ ಬೆಳೆದವನು. ಹೆಣ ಬರಲಿಲ್ಲ. ಒಂದು ಕೈಗಡಿಯಾರ ಬಂತು, ಅದೂ ಅವನದಲ್ಲ. ನಾಲ್ಕನೆಯ ದಿನ ಅತ್ತಿಗೆ ಹಿಟ್ಟಪ್ಪ ಕೆಲಸ ಮಾಡುವಲ್ಲಿಗೆ ಬಂದು ಕೇಳಿದಳು:

"ಅವನ ಹೆಸರು ಎಲ್ಲಿ ಹಾಕ್ತೀಯ?"

"ಕಲ್ಲಿನ ಹಿಂದುಗಡೆ ಜಾಗ ಇದೆ ಅತ್ತಿಗೆ..."

"ನನ್ನ ಮಗ ಏನು ತಪ್ಪು ಮಾಡಿದಾನೆ ಅಂತ ಗೋಡೆ ನೋಡ್ಕೊಂಡು ನಿಲ್ಬೇಕು?"

"ಹಾಗಾದ್ರೆ ನಮ್ಮನೆ ಅಂಗಳದಲ್ಲೇ ಒಂದು ನಿಲ್ಲಿಸ್ತೀನಿ."

"ಮನೇಲಿ ನನಗೆ ಗೊತ್ತಿಲ್ವಾ ಅವನ ಹೆಸರು? ಊರು ಓದಬೇಕು. ಜೊತೆಗಾರರ ಪಕ್ಕದಲ್ಲಿ ಇರಬೇಕು."

ಹಿಟ್ಟಪ್ಪ ಗುಮಾಸ್ತನ ಮೇಜಿನ ಮುಂದೆ ಕೈಕಟ್ಟಿ ನಿಂತ.

"ಹೊಸ ಕಲ್ಲಾ? ಹತ್ತು ಹೆಸರಾಗ್ಲಿ, ಮಂಜೂರಾಗುತ್ತೆ. ಒಬ್ಬನಿಗೆ ಒಂದು ಕಲ್ಲು ಕೊಡೋ ರೂಲಿಲ್ಲ."

"ಇನ್ನೂ ಒಂಬತ್ತು ಜನಾನಾ ಸ್ವಾಮಿ?"

"ರೂಲು ನಾನು ಮಾಡಿದ್ದಲ್ಲಪ್ಪ. ಖಾಲಿ ಬಿಡು ಅಂದಿದ್ದು ಮಾತ್ರ ನಾನು."

ನಿದ್ದೆ ಹೋಗಿದ್ದ ಯುದ್ಧ ಹಸಿದುಕೊಂಡೇ ಎದ್ದಿತ್ತು. ತಿಂಗಳಿಗೊಂದು, ಒಮ್ಮೊಮ್ಮೆ ಎರಡು ಕಾಗದ ಬಂದವು. ಪ್ರತಿ ಸಲವೂ ಅತ್ತಿಗೆ ಸತ್ತವನ ಮನೆಗೆ ಹೋಗಿ, ಅವನ ತಾಯಿಯನ್ನು ತಬ್ಬಿಕೊಂಡು ಅತ್ತು, ಅಲ್ಲಿಂದ ನೇರ ಹಿಟ್ಟಪ್ಪನ ಹತ್ತಿರ ಬರುತ್ತಿದ್ದಳು. "ನಾಲ್ಕಾಯ್ತಲ್ಲ?" ಎನ್ನುತ್ತಿದ್ದಳು. "ಐದಾಯ್ತಲ್ಲ?" ಆರನೆಯವನಿಗೆ ಅವಳಿಗೆ ಅಳು ಬರಲಿಲ್ಲ. ಒಂಬತ್ತನೆಯವನ ಮನೆಗೆ ಹೋಗಲೇ ಇಲ್ಲ.

ಅಷ್ಟರಲ್ಲಿ ಬೇಕರಿಯವನ ಒಬ್ಬನೇ ಮಗ ಗುಂಡು ತಗುಲಿ ಸೈನ್ಯದ ಆಸ್ಪತ್ರೆ ಸೇರಿದನೆಂದು ತಂತಿ ಬಂತು.

"ಹೇಗಿದ್ದಾನಂತೆ?" ಎಂದಳು ಅತ್ತಿಗೆ.

"ಕಷ್ಟ ಅಂತಿದ್ದಾರೆ."

ಅವಳ ಮುಖ ಒಂದು ಗಳಿಗೆ ಅರಳಿತು. ಅದು ತನಗೇ ತಿಳಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಏನಂದ್ಕೊಂಡು ಕೇಳಿದೆ ಅಂತ ನನ್ನ ಕೇಳಬೇಡ."

ಹಿಟ್ಟಪ್ಪ ಕೇಳಲಿಲ್ಲ. ಆ ಬೆಳಿಗ್ಗೆ ತಾನೇ ಅವನು ಹೊಸ ಕಲ್ಲೊಂದನ್ನು ಆರಿಸಿ, ಅಳೆದು, ಹತ್ತು ಗೆರೆ ಎಳೆದಿಟ್ಟಿದ್ದ.

ಬೇಕರಿಯವನ ಮಗ ಸಾಯಲಿಲ್ಲ. ಎರಡು ತಿಂಗಳು ಬೇರೆ ಯಾರ ಕಾಗದವೂ ಬರಲಿಲ್ಲ; ಆಮೇಲೆ ಅವನು ಒಂದು ಕಾಲಿನಲ್ಲಿ ಬಸ್ಸಿಳಿದ. ಬೀದಿಗೆ ಬೀದಿಯೇ ನೆರೆಯಿತು; ಬೇಕರಿಯವನು ಒಲೆಯಲ್ಲಿದ್ದ ಬನ್ನನ್ನೆಲ್ಲ ಬಿಸಿಬಿಸಿಯಾಗಿ ಹಂಚಿದ. ಹಿಟ್ಟಪ್ಪನನ್ನು ಕಂಡು ಆ ಸಿಪಾಯಿ ಊರುಗೋಲು ಎತ್ತಿ ಕೂಗಿದ:

"ಮಾವಾ, ನಿನ್ನ ಉಳಿಗೆ ಸಿಗ್ಲಿಲ್ಲ ನೋಡು ನಾನು!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಿಟ್ಟಪ್ಪ. ಅವನಿಗೊಂದು ಬನ್ನು ಸಿಕ್ಕಿತು. ಅದನ್ನು ಕಾಗದದಲ್ಲಿ ಸುತ್ತಿಕೊಂಡು ಅತ್ತಿಗೆಯ ಮನೆಗೆ ನಡೆದ.

"ಬದುಕಿದ್ನಾ?" ಎಂದಳು ಅವಳು, ಬಾಗಿಲಲ್ಲೇ.

"ಬದುಕ್ದ ಅತ್ತಿಗೆ."

"ಪುಣ್ಯ." ಬನ್ನು ಇಸಿದುಕೊಂಡಳು. ತಿನ್ನದೆ, ಒಳಗೂ ಇಡದೆ, ಹೊಸ್ತಿಲ ಮೇಲೆ ಕೂತಳು. ಅವನಿಗಲ್ಲವೆನ್ನುವ ಹಾಗೆ ಸಣ್ಣಗೆ ಹೇಳಿದಳು: "ಹಾಗಾದ್ರೆ ಇನ್ನು ಯಾರು?"

ಹಿಟ್ಟಪ್ಪ ಅವಳನ್ನು ಗದರಲಿಲ್ಲ. ಗದರುವ ಮುಖ ಅವನಿಗಿರಲಿಲ್ಲ. ದಾರಿಯುದ್ದಕ್ಕೂ ಅವನು, ಯಾವ ಯಾವ ಮನೆಯ ಮಗ ಇನ್ನೂ ಅಲ್ಲೇ ಇದ್ದಾನೆಂದು, ಒಂದೊಂದೇ ಬಾಗಿಲು ನೋಡಿಕೊಂಡು ಬಂದಿದ್ದ.