‘ಉಂಡ್ಯಾ’ ಎಂಬ ಒಂದೇ ಮಾತು

ಬೆಳಗಿನ ಆರೂವರೆ. ಬೊಲ್‌ಗ್ಯೊ ಪಟ್ಟಣದಾಚೆಯ ಕೊಲ್ಲಿಯಲ್ಲಿ ನೀರು ಇಳಿದು, ಕಣ್ಣು ಹಾಯುವಷ್ಟು ದೂರ ಕಪ್ಪು ಕೆಸರು ಮಲಗಿದೆ. ಅದರ ನಡುವೆ ಒಂದು ಕೈಯಲ್ಲಿ ಬೂಟು, ಇನ್ನೊಂದರಲ್ಲಿ ಹಳೆಯ ಚೀಲ ಹಿಡಿದು ತಾಕ್ ಹೇರಾನ್ ಬರಿಗಾಲಲ್ಲಿ ನಿಂತಿದ್ದಾರೆ. ನವೆಂಬರಿನ ಚಳಿಗೆ ತುಟಿ ನೀಲಿಗಟ್ಟಿದೆ. ಚಿತ್ರದ ನಿರ್ದೇಶಕಿ ಅವರೇ, ಕಥೆ ಬರೆದವರೂ ಅವರೇ, ಹನ್ನೊಂದು ವರ್ಷದ ಮೇಲೆ ಊರಿಗೆ ಮರಳುವ ಮಗಳ ಪಾತ್ರವೂ ಅವರದೇ. ಹಾಗಾಗಿ ಈ ಪುಟ್ಟ ತಂಡಕ್ಕೊಂದು ಕಟ್ಟುನಿಟ್ಟಾದ ನಿಯಮವಿದೆ. ಅವರು ಕ್ಯಾಮೆರಾದ ಮುಂದೆ ಇದ್ದರೂ ‘ಕಟ್’ ಎನ್ನುವ ಹಕ್ಕು ಅವರೊಬ್ಬರದೇ.

ಇವತ್ತು ತೆಗೆಯಬೇಕಾದದ್ದು ಕೊನೆಯ ದೃಶ್ಯ. ನಾಳೆಯಿಂದ ಒಡ್ಡು ಕಟ್ಟುವ ಕೆಲಸ ಶುರುವಾಗಿ ಈ ಬಯಲಿಗೆ ಬೇಲಿ ಬೀಳುತ್ತದೆ. ನಾಲ್ಕು ವರ್ಷದಿಂದ ಚೂರುಚೂರಾಗಿ ತೆಗೆದ ಚಿತ್ರ ಈ ಬೆಳಗು ಕೈತಪ್ಪಿದರೆ ಅರ್ಧಕ್ಕೇ ನಿಂತಂತೆ. ಏಳೂಕಾಲರ ಹೊತ್ತಿಗೆ ಭರತ ಏರಿ, ಬೆನ್ನ ಹಿಂದಿನ ತೋಡಿನಲ್ಲಿ ನೀರು ತುಂಬಿಕೊಳ್ಳುತ್ತದೆ. ಆಮೇಲೆ ದಡಕ್ಕೆ ದಾರಿಯಿಲ್ಲ.

ಎದುರಿನಿಂದ ಉದ್ದನೆಯ ಹಲಗೆಯೊಂದು ಜಾರುತ್ತ ಬರುತ್ತದೆ. ಹಲಗೆಯ ಮೇಲೆ ಒಂದು ಮಂಡಿಯೂರಿ, ಇನ್ನೊಂದು ಕಾಲಿನಿಂದ ಕೆಸರನ್ನು ಹಿಂದಕ್ಕೆ ಒದೆಯುತ್ತಿರುವವರು ಎಪ್ಪತ್ತೆಂಟರ ಮೇಂಗ್ ಒಕ್‌ಬುನ್. ಅರವತ್ತು ವರ್ಷದಿಂದ ಇಲ್ಲಿ ಚಿಪ್ಪು ಹೆಕ್ಕುವವರು, ಈ ಚಿತ್ರದಲ್ಲಿ ತಾಯಿ. ಅವರು ಮಗಳ ಮುಂದೆ ಹಲಗೆ ನಿಲ್ಲಿಸಿ, ಮುಖ ನೋಡಿ, ಒಂದೇ ಮಾತು ಕೇಳಬೇಕು. ‘ಉಂಡ್ಯಾ?’

ಹಲಗೆ ನಿಲ್ಲುತ್ತದೆ. ಅಜ್ಜಿ ನೋಡುತ್ತಾರೆ. ಮುಖದ ಸುಕ್ಕುಸುಕ್ಕಿನಲ್ಲೂ ಹನ್ನೊಂದು ವರ್ಷದ ಸಿಟ್ಟು ಕಾಣುತ್ತದೆ.

"ಉಂಡ್ರಾ?"

"ಕಟ್. ಅಜ್ಜಿ, ನಾನು ನಿಮ್ಮ ಮಗಳು. ಉಂಡ್ಯಾ ಅನ್ನಿ."

"ಅಯ್ಯೋ, ಬಾಯಿ ಜಾರ್ತು. ದಿನಾ ಬೆಳಿಗ್ಗೆ ಹಾಗೇ ಕೇಳಿ ರೂಢಿ ಆಗೋಯ್ತು ನೋಡಿ."

ಅದೂ ನಿಜವೇ. ನಾಲ್ಕು ವರ್ಷದಿಂದ ತಂಡ ಉಳಿದುಕೊಳ್ಳುವುದು ಅವರ ಮನೆಯಲ್ಲೇ. ಎರಡನೇ ಸಲ ಅವರು ಎಚ್ಚರದಿಂದ "ಉಂಡ್ಯಾ" ಎನ್ನುತ್ತಾರೆ, ಹಿಂದೆಯೇ "ಡೈರೆಕ್ಟರ್ರೇ" ಎಂದೂ ಸೇರಿಸಿಬಿಡುತ್ತಾರೆ. ಮೂರನೇ ಸಲ ಮಾತು ಸರಿಯಾಗಿ ಬರುತ್ತದೆ, ಆದರೆ ಮಾತಿನ ಜೊತೆಗೆ ತಲೆ ತಾನಾಗಿ ಬಾಗುತ್ತದೆ. ಹೆತ್ತ ಮಗಳಿಗೆ ಯಾವ ತಾಯಿ ತಲೆಬಾಗುತ್ತಾಳೆ?

ದಡದ ಕಡೆಗೆ, ತೋಡಿಗಿಂತ ಈಚೆ, ಕೆಸರಲ್ಲಿ ನೆಟ್ಟ ಕ್ಯಾಮೆರಾದ ಹಿಂದೆ ಬ್ಯೊನ್ ಇನ್‌ಹೊ ಗಡಿಯಾರ ನೋಡಿಕೊಳ್ಳುತ್ತಾರೆ. ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟ ಈ ಐವತ್ತೆರಡರ ಮನುಷ್ಯನೇ ಛಾಯಾಗ್ರಾಹಕ, ದೀಪದವನು, ವ್ಯಾನಿನ ಚಾಲಕ. "ಎಲ್ಲಾ ಆ ರಟ್ಟಿನ ಹಂದಿ ಮಹಿಮೆ," ಎಂದು ಗೊಣಗುತ್ತಾರೆ. ಚಿತ್ರೀಕರಣ ಶುರು ಮಾಡುವ ಮುನ್ನ ಹಂದಿಯ ತಲೆಯಿಟ್ಟು ಪೂಜೆ ಮಾಡುವುದು ಇಲ್ಲಿನ ಎಲ್ಲ ಸಿನಿಮಾ ತಂಡಗಳ ಪದ್ಧತಿ. ದುಡ್ಡಿಲ್ಲದೆ ಹೇರಾನ್ ಅವತ್ತು ರಟ್ಟಿನ ಮೇಲೆ ಹಂದಿಯ ಮುಖ ಬರೆದು, ಅದಕ್ಕೇ ಎಲ್ಲರ ಕೈಲಿ ಅಡ್ಡಬೀಳಿಸಿದ್ದರು. ಮಳೆ ಬಂದರೂ, ವ್ಯಾನು ಕೆಟ್ಟರೂ ಇನ್‌ಹೊ ಈಗಲೂ ಬೈಯುವುದು ಆ ಹಂದಿಯನ್ನೇ.

ಹೇರಾನ್‌ಗೆ ಈಗ ನಲವತ್ತೇಳು. ಇಪ್ಪತ್ತೊಂಬತ್ತಕ್ಕೆ ವಿಮಾ ಕಚೇರಿಯ ಕೆಲಸ ಬಿಟ್ಟು ಸಿನಿಮಾಕ್ಕೆ ಇಳಿದವರು. ಇದು ಮೂರನೆಯ ದೊಡ್ಡ ಚಿತ್ರ. ಹಿಂದಿನದು ಒಂದೇ ಚಿತ್ರಮಂದಿರದಲ್ಲಿ, ಬೆಳಗಿನ ಹತ್ತರ ಆಟಕ್ಕೆ, ಒಂಬತ್ತು ದಿನ ಓಡಿತು. ಹೊಟ್ಟೆಪಾಡಿಗೆ ಟೀವಿ ಧಾರಾವಾಹಿಗಳಲ್ಲಿ ಸಿಕ್ಕ ಪಾತ್ರ ಮಾಡುತ್ತಾರೆ. ಇದುವರೆಗೆ ಏಳು ಸಲ ನರ್ಸ್, ಹನ್ನೊಂದು ಸಲ ಹೆಣ. "ಹೆಣಕ್ಕೆ ಉಸಿರು ಹಿಡಿಯೋದು ಕಷ್ಟ ಅಲ್ಲ, ಹಸಿವು ಕಷ್ಟ. ಒಂದ್ಸಲ ಎಲ್ಲರೂ ಅಳ್ತಾ ಇದ್ದಾಗ ನನ್ನ ಹೊಟ್ಟೆ ಗುರ್ ಅಂತು. ಆ ಡೈರೆಕ್ಟರು, ಹೆಣಕ್ಕೆ ಯಾರಾದ್ರೂ ತಿಂಡಿ ಕೊಡ್ರಪ್ಪಾ ಅಂತ ಕೂಗಿದ್ರು," ಎಂದು ನಗುತ್ತಾರೆ.

ಆದರೆ ಅವರ ತಾಯಿಯ ಮಾತು ಬಂದರೆ ನಗು ನಿಲ್ಲುತ್ತದೆ. ಪಕ್ಕದ ಸುಂಚೊನ್‌ನಲ್ಲಿ ಅನ್ನಕ್ಕೆ ನಂಜಿಕೊಳ್ಳುವ ಪದಾರ್ಥಗಳ ಸಣ್ಣ ಅಂಗಡಿ ನಡೆಸುತ್ತಿದ್ದ ಹೆಂಗಸು. ಮಗಳು ಕೆಲಸ ಬಿಟ್ಟ ದಿನದಿಂದ ಆಕೆ ಜಗಳವಾಡಲಿಲ್ಲ, ಬಾಗಿಲು ಹಾಕಲಿಲ್ಲ. ಮಗಳಿಗೆ ಬಹುವಚನ ಹಚ್ಚಿದರು, ಅಷ್ಟೇ.

"ಹಬ್ಬಕ್ಕೆ ಅಂತ ಮನೆಗೆ ಹೋದ್ರೆ, ಓಹೋ, ಡೈರೆಕ್ಟರ್ ಸಾಹೇಬ್ರು ಬಂದ್ರಾ, ತಮ್ದು ಊಟ ಆಯ್ತಾ, ಅನ್ನೋಳು. ಎರಡೇಟು ಹೊಡೆದಿದ್ರೆ ತಡ್ಕೋತಿದ್ದೆ. ಆ ‘ತಮ್ದು’ ಮಾತ್ರ ಎದೆಗೆ ಚುಚ್ಚೋದು. ಆರು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ತೀರಿಕೊಳ್ಳೋ ಹಿಂದಿನ ದಿನಾನೂ ಅದೇ. ‘ತಾವು ಹೊರಡಿ, ಕೆಲಸ ಇರುತ್ತೆ’ ಅಂದ್ಲು."

ಆ ವರ್ಷದ ಕೊನೆಗೇ ಅವರು ಈ ಚಿತ್ರದ ಕಥೆ ಬರೆಯಲು ಕೂತದ್ದು. ಇಡೀ ಚಿತ್ರ ಕಟ್ಟಿರುವುದೇ ಆ ಕೊನೆಯ ‘ಉಂಡ್ಯಾ’ಗಾಗಿ. ಅಜ್ಜಿಗೆ ಇದೊಂದೂ ತಿಳಿಯದು. ಹೇಳಿದರೆ ಅಳುತ್ತಾರೆ, ಅತ್ತರೆ ದೃಶ್ಯ ಕೆಡುತ್ತದೆ ಎಂಬುದು ಹೇರಾನ್‌ರ ಲೆಕ್ಕ.

ಏಳು ಗಂಟೆ. ತೋಡಿನ ತಳದಲ್ಲಿ ನೀರು ಮಿಣುಕುತ್ತದೆ.

"ಡೈರೆಕ್ಟರ್ರೇ, ಹೊರಡೋಣ. ಹಿಂದೆ ನೀರು ಬಂತು," ಇನ್‌ಹೊ ಕೂಗುತ್ತಾರೆ.

"ಇನ್ನೊಂದೇ ಸಲ."

"ಇನ್ನೊಂದೇ ಸಲ ಅಂತ ಮೂರು ಸಲ ಆಯ್ತು."

ಹೇರಾನ್ ನಿಂತ ಜಾಗವೆಲ್ಲ ತುಳಿದು ಹೆಜ್ಜೆಗುರುತಾಗಿದೆ. ಈಗಷ್ಟೇ ಬಂದ ಮಗಳ ಸುತ್ತ ಅಷ್ಟೊಂದು ಹೆಜ್ಜೆ ಇರಬಾರದೆಂದು ನಾಲ್ಕು ಮಾರು ಆಚೆಗೆ, ಯಾರೂ ತುಳಿಯದ ಕಡೆಗೆ ಸರಿಯುತ್ತಾರೆ. ಅಜ್ಜಿ ದೂರದಿಂದ ಹಲಗೆ ತಿರುಗಿಸುತ್ತಾರೆ. ಕ್ಯಾಮೆರಾ ಓಡತೊಡಗುತ್ತದೆ.

ಮೊದಲು ಹೇರಾನ್‌ರ ಹಿಮ್ಮಡಿ ಕೆಸರಿಗೆ ಇಳಿಯುತ್ತದೆ, ಆಮೇಲೆ ಮೊಣಕಾಲು. ಕಾಲು ಕೀಳಲು ನೋಡಿದಷ್ಟೂ ಕೆಸರು ಒಳಕ್ಕೆ ಎಳೆಯುತ್ತದೆ. ತೊಡೆಯವರೆಗೆ ಹೂತರೂ ಹೇರಾನ್ ಬಾಯಿ ಬಿಡುವುದಿಲ್ಲ. ಮಗಳ ಮುಖವನ್ನು ಹಾಗೇ ಹಿಡಿದು ನಿಂತಿದ್ದಾರೆ. ‘ಕಟ್’ ಎಂದರೆ ಎಲ್ಲ ಮುಗಿಯಿತು, ಅನ್ನದಿದ್ದರೆ ನೀರು ಬರುತ್ತದೆ. ಅತ್ತ ಇನ್‌ಹೊ ಒಂದು ಗಳಿಗೆ ಕ್ಯಾಮೆರಾ ನೋಡುತ್ತಾರೆ, ಒಂದು ಗಳಿಗೆ ಆಕೆಯನ್ನು. ಮರುಗಳಿಗೆಗೆ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟು ಕೆಸರಲ್ಲೇ ಓಡುತ್ತಾರೆ.

ಅಷ್ಟರಲ್ಲಿ ಅಜ್ಜಿಯ ಹಲಗೆ ಬಂದು ಮುಟ್ಟಿದೆ.

"ಏ ಮಂಕೇ, ಒದ್ದಾಡಬೇಡ. ಹಿಂದಕ್ಕೆ ಮಲಗು. ಮಲಗು ಅಂದೆ. ಬೂಟು ಬಿಸಾಕು, ಅದೇನು ಗಂಟು ಅಂತ ಹಿಡ್ಕೊಂಡಿದೀಯ. ಹಲಗೆ ಹಿಡಿ. ಕಾಲು ಮೆಲ್ಲಗೆ ಅಲ್ಲಾಡಿಸು, ಕೀಳಬೇಡ."

ಹೇರಾನ್ ಮಲಗುತ್ತಾರೆ. ಅಜ್ಜಿ ಕಂಕುಳಿಗೆ ಕೈ ಕೊಟ್ಟು ಜಗ್ಗುತ್ತಾರೆ. ಮುಗ್ಗರಿಸುತ್ತ ಬಂದ ಕಿತ್ತಳೆ ಜಾಕೆಟ್ಟು ಇನ್ನೊಂದು ಕಡೆಯಿಂದ ಜಗ್ಗುತ್ತದೆ. ಕೊನೆಗೆ ಕಾಲು ಹೊರಬಂದು ಮೂವರೂ ಹಲಗೆಯ ಮೇಲೆ ಒಟ್ಟಿಗೆ ಬೀಳುತ್ತಾರೆ. ಏದುಸಿರು ಬಿಡುತ್ತಿರುವ ಅಜ್ಜಿ ಹೇರಾನ್‌ರ ಬೆನ್ನಿಗೆ ರಪ್ಪನೆ ಒಂದು ಬಾರಿಸುತ್ತಾರೆ.

"ಕಾಲಲ್ಲಿ ಚೂರೂ ಕಸುವಿಲ್ಲ. ಬೆಳಿಗ್ಗೆ ಉಂಡ್ಯಾ, ಇಲ್ವಾ?"

ಹೇರಾನ್ ಅಜ್ಜಿಯ ಮುಖವನ್ನೇ ನೋಡುತ್ತಾರೆ. ಚಿತ್ರಕಥೆಯಲ್ಲಿ ಮಗಳಿಗೆ ಇಲ್ಲಿ ಮಾತಿಲ್ಲ. ಕೆಸರು ಮೆತ್ತಿದ ತುಟಿಗಳಿಂದ ಸಣ್ಣ ದನಿ ಹೊರಡುತ್ತದೆ. "ಕಟ್."

ತೋಡು ದಾಟುವಾಗ ನೀರು ಸೊಂಟ ಮುಟ್ಟಿದೆ. ಕ್ಯಾಮೆರಾವನ್ನು ತಲೆಯ ಮೇಲೆ ಹೊತ್ತು ತಂದದ್ದು ಇನ್‌ಹೊ.

ಎಂಟೂವರೆಗೆ ಒಕ್‌ಬುನ್ ಮನೆಯ, ಅಡಿಯಿಂದ ಕಾಯಿಸಿದ ಬಿಸಿ ನೆಲದ ಮೇಲೆ, ಅಜ್ಜಿಯದೇ ಹೂಹೂವಿನ ಷರಾಯಿ ತೊಟ್ಟು ಹೇರಾನ್ ಪುಟ್ಟ ಪರದೆಯಲ್ಲಿ ಆ ದೃಶ್ಯ ನೋಡುತ್ತಿದ್ದಾರೆ. ಎಲ್ಲವೂ ಬಂದಿದೆ, ನಟ್ಟನಡುವೆ ನುಗ್ಗಿದ ಕಿತ್ತಳೆ ಜಾಕೆಟ್ಟೂ ಸೇರಿ.

"ಕೆಡಿಸ್ಬಿಟ್ಟೆ," ಇನ್‌ಹೊ ತಲೆ ಕೆರೆದುಕೊಳ್ಳುತ್ತಾರೆ.

"ಇರ್ಲಿ ಬಿಡಿ. ಯಾರು ಅಂತ ಕೇಳಿದ್ರೆ ಊರವನು ಅಂತೀನಿ. ಕೆಸರಲ್ಲಿ ಹೂತವಳನ್ನ ನೋಡ್ಕೊಂಡು ಸುಮ್ನೆ ನಿಲ್ಲೋ ಊರು ಇದಲ್ಲ."

ದೊಡ್ಡ ಚಿತ್ರೋತ್ಸವಗಳಿಗೆ ಕಳಿಸುತ್ತೀರಾ ಎಂದು ಕೇಳಿದರೆ ಹೇರಾನ್ ಭುಜ ಕುಣಿಸುತ್ತಾರೆ. "ಕಳಿಸ್ತೀನಿ. ಕರೆದ್ರೆ ಹೋಗ್ತೀನಿ. ಆದ್ರೆ ಮೊದಲ ಆಟ ಇಲ್ಲಿ, ಊರಿನ ಹಿರಿಯರು ಕೂರೋ ಕೋಣೆಯಲ್ಲಿ. ಗೋಡೆಗೊಂದು ಬಿಳಿ ಬಟ್ಟೆ ಕಟ್ಟಿದ್ರೆ ಆಯ್ತು."

ಅಜ್ಜಿ ಹಬೆಯಾಡುವ ಅನ್ನ, ಬೇಯಿಸಿದ ಚಿಪ್ಪು ತಂದು ಮುಂದಿಡುತ್ತಾರೆ. ಕೆಸರು ತೊಳೆದುಹೋದಂತೆ ಸಲಿಗೆಯೂ ತೊಳೆದುಹೋಗಿದೆ.

"ಡೈರೆಕ್ಟರ್ರೇ, ಬೆನ್ನು ನೋಯ್ತಿದೆಯಾ? ಗಾಬರೀಲಿ ಕೈ ಎತ್ತಿಬಿಟ್ಟೆ. ಏನೇನೋ ಅಂದೂಬಿಟ್ಟೆ. ತಪ್ಪು ತಿಳ್ಕೋಬೇಡಿ."

ಹೇರಾನ್ ಚಮಚ ಕೆಳಗಿಡುತ್ತಾರೆ. "ಅಜ್ಜಿ, ನನಗೊಂದು ಆಸೆ. ಕ್ಯಾಮೆರಾ ಇಲ್ಲದಾಗಲೂ ಒಂದ್ಸಲ ಹಂಗೇ ಮಾತಾಡಿಸ್ತೀರಾ?"

ಅಜ್ಜಿಗೆ ಏನು ಅರ್ಥವಾಯಿತೋ, ಚಿಪ್ಪಿನ ಮಾಂಸ ಬಿಡಿಸಿ ಆಕೆಯ ಅನ್ನದ ಮೇಲೆ ಇಡುತ್ತಾರೆ.

"ಆರಿಹೋಗುತ್ತೆ. ಸುಮ್ನೆ ಉಣ್ಣೇ."