ನಿಲ್ಲಲೊಲ್ಲದ ಎಂಜಿನ್

ರೈನ್‌ಹೋಲ್ಡ್ ಕ್ವಾಸ್ಡೋರ್ಫ್ ಧೈರ್ಯವಂತ ಎಂದು ಕಾರ್ಖಾನೆಯವರೆಲ್ಲ ಹೊಗಳತೊಡಗಿದ ಮೇಲೆಯೇ ಅವನಿಗೆ ಹೆದರಿಕೆ ಹಿಡಿದದ್ದು.

ಮುಲ್ಡೆ ನದಿಯ ದಂಡೆಯ ಆ ಊರಿನಲ್ಲಿ ಆಗ ವಿಮಾನಕ್ಕೆ ಡೀಸೆಲ್ ಎಂಜಿನ್ ಕೂರಿಸುವ ಹುಚ್ಚು. ಪೆಟ್ರೋಲಿನ ಹಾಗೆ ಇದು ಧಗ್ಗನೆ ಹತ್ತಿಕೊಳ್ಳುವುದಿಲ್ಲ, ಕುಡಿಯುವುದೂ ಕಡಿಮೆ, ಇದನ್ನು ನಂಬಿ ಸಮುದ್ರವನ್ನೇ ದಾಟಬಹುದು ಎಂದು ಎಂಜಿನಿಯರುಗಳು ಹೇಳುತ್ತಿದ್ದರು. ರೈನ್‌ಹೋಲ್ಡ್ ಹಿಟ್ಟಿನ ಗಿರಣಿಯವನ ಮಗ. ಮೊದಲ ಮಹಾಯುದ್ಧದಲ್ಲಿ ಲಾರಿ ರಿಪೇರಿ ಮಾಡಿ ಬಂದವನು ಕಾರ್ಖಾನೆಯ ಎಂಜಿನ್ ಪರೀಕ್ಷಾ ಕೊಠಡಿಯಲ್ಲಿ ಮೆಕ್ಯಾನಿಕ್ ಆಗಿದ್ದ. ಮಾತು ಕಡಿಮೆ, ಊಟ ಜಾಸ್ತಿ ಎಂದು ಹೆಂಡತಿ ಆಲ್ಮಾ ಅವನನ್ನು ಹಂಗಿಸುತ್ತಿದ್ದಳು.

ಒಂದು ವಸಂತದ ಬೆಳಿಗ್ಗೆ ಪರೀಕ್ಷೆಗೆ ಹಚ್ಚಿದ ಎಂಜಿನ್ ಇದ್ದಕ್ಕಿದ್ದಂತೆ ಕೂಗತೊಡಗಿತು. ಇಂಧನದ ನಲ್ಲಿ ಮುಚ್ಚಿದರು, ನಿಲ್ಲಲಿಲ್ಲ. ಒಳಗೆ ಸೋರಿದ ತನ್ನದೇ ಕೀಲೆಣ್ಣೆಯನ್ನು ಕುಡಿದು ಅದು ಇನ್ನೂ ಜೋರಾಗಿ ಓಡುತ್ತಿತ್ತು. ನೆಲ ನಡುಗಿತು, ಕಿಟಕಿಯ ಗಾಜು ಉದುರಿತು. ಎಲ್ಲರೂ ಬಾಗಿಲಿಗೆ ನುಗ್ಗಿದರು. ರೈನ್‌ಹೋಲ್ಡ್ ಮಾತ್ರ ಒಂದು ದಪ್ಪ ಹಲಗೆ ಎತ್ತಿ ಎಂಜಿನ್ ಗಾಳಿ ಎಳೆಯುವ ಬಾಯಿಗೆ ಒತ್ತಿದ. ಹಲಗೆಯನ್ನು ಅದು ಕಚ್ಚಿ ಹಿಡಿಯಿತು, ಉಸಿರು ಕಟ್ಟಿ ನಿಂತಿತು.

ಆಗ ಅವನಿಗೆ ಏನೂ ಅನ್ನಿಸಿರಲಿಲ್ಲ. ಸಂಜೆ ಮನೆಯಲ್ಲಿ ಆಲೂಗಡ್ಡೆ ಸೂಪಿನ ಚಮಚ ಎತ್ತಿದಾಗ ಅರ್ಧ ಸೂಪು ಮೇಜಿನ ಮೇಲೆ ಚೆಲ್ಲಿತು. ಅಂದಿನಿಂದ ಬೀದಿಯಲ್ಲಿ ಲಾರಿಯೊಂದು ಏರು ಹತ್ತಿದರೂ ಅವನು ಬೆಚ್ಚಿ ನಿಲ್ಲುತ್ತಿದ್ದ. ಕಾರ್ಖಾನೆಯ ಗೇಟು ಕಂಡರೆ ಹೆಜ್ಜೆ ನಿಧಾನವಾಗುತ್ತಿತ್ತು.

ಬೇಸಿಗೆಯಲ್ಲಿ ಎಂಜಿನ್ನನ್ನು ವಿಮಾನಕ್ಕೆ ಕೂರಿಸಿದರು. ಗಾಳಿಯ ಬಾಯಿಗೆ ಈಗ ಕಬ್ಬಿಣದ ಮುಚ್ಚಳ, ಅದನ್ನು ಎಳೆದು ಮುಚ್ಚಲು ಒಂದು ಹಿಡಿ. ಮುಖ್ಯ ಎಂಜಿನಿಯರ್ ಡಾಕ್ಟರ್ ಆಮ್ಟೋರ್ ಇವನ ಭುಜ ತಟ್ಟಿ, ಪೈಲಟ್ ಹೆಲ್‌ರೀಗೆಲ್ ಜೊತೆ ಮೇಲೆ ಹೋಗಿ ಆ ಹಿಡಿಯ ಪಕ್ಕ ಕೂರಬೇಕಾದವನು ನೀನೇ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಹೂಂ ಎಂದುಬಿಟ್ಟ.

"ಹೋಗಲ್ಲ ಅಂತ ಹೇಳಿಬಿಡೋಕೆ ಏನಾಗಿತ್ತು ನಿಂಗೆ?" ಎಂದಳು ಆಲ್ಮಾ.

"ಎಲ್ಲರೂ ಚಪ್ಪಾಳೆ ತಟ್ತಿದ್ರು ಕಣೇ."

"ಚಪ್ಪಾಳೆ ತಟ್ಟೋರು ಕೆಳಗಿರ್ತಾರೆ. ಮೇಲೆ ಹೋಗೋನು ನೀನು."

ಆದರೂ ಹೋದ. ವಿಮಾನ ನೆಲ ಬಿಟ್ಟಾಗ ಕಣ್ಣು ಮುಚ್ಚಿಕೊಂಡಿದ್ದ. ಕೆಳಗೆ ಬೀಟ್ ಗೆಡ್ಡೆಯ ಹೊಲಗಳು, ಚರ್ಚಿನ ಗೋಪುರ; ಅವನು ಯಾವುದನ್ನೂ ನೋಡಲಿಲ್ಲ, ಮೈಯೆಲ್ಲ ಕಿವಿಯಾಗಿ ಎಂಜಿನ್ನಿನ ಸದ್ದಿಗೇ ಅಂಟಿಕೊಂಡಿದ್ದ. ಸದ್ದು ಸಮವಾಗಿತ್ತು. ಇನ್ನೇನು ತಿರುಗಬೇಕು ಎನ್ನುವಾಗ ಅದರ ದನಿ ಸಣ್ಣಗೆ ಏರಿತು. ಪೈಲಟ್ ಇಂಧನ ಕಡಿಮೆ ಮಾಡಿದ. ದನಿ ಏರುತ್ತಲೇ ಹೋಯಿತು. ನೀಲಿ ಹೊಗೆ ರೆಕ್ಕೆಯನ್ನು ಮುಚ್ಚಿತು.

ಒಂದೇ ಎಂಜಿನ್ನಿನ ವಿಮಾನ ಅದು. ಹಿಡಿ ಎಳೆದರೆ ಎಂಜಿನ್ ಸಾಯುತ್ತದೆ. ಎಳೆಯದಿದ್ದರೆ ಸಿಡಿದು ಇವರನ್ನೇ ಹರಿದು ಹಾಕುತ್ತದೆ. ಹೆಲ್‌ರೀಗೆಲ್ ಕೈ ಅಲ್ಲಾಡಿಸುತ್ತ ಏನೋ ಕೂಗುತ್ತಿದ್ದ. ಎಳಿ ಎಂದನೋ ಬೇಡ ಎಂದನೋ ಕೇಳಿಸಲಿಲ್ಲ. ರೈನ್‌ಹೋಲ್ಡ್‌ನ ಚಡ್ಡಿ ಒದ್ದೆಯಾಗಿತ್ತು. ಅಮ್ಮಾ ಎಂದು ಅರಚಿ ಹಿಡಿ ಎಳೆದ.

ಆಮೇಲಿನ ಮೌನ ಇನ್ನೂ ಭಯಂಕರ. ರೆಕ್ಕೆ ಬಿಗಿದ ತಂತಿಗಳ ನಡುವೆ ಗಾಳಿ ಸಿಳ್ಳೆ ಹಾಕುತ್ತಿತ್ತು, ನೆಲ ಎದ್ದು ಬರುತ್ತಿತ್ತು. ವಿಮಾನ ಬೀಟ್ ಹೊಲವನ್ನು ಉಳುತ್ತ ಹೋಗಿ ಮೂಗು ಊರಿ ನಿಂತಿತು. ತುಟಿ ಸೀಳಿ ರಕ್ತ ಸುರಿಯುತ್ತಿದ್ದರೂ ಹೆಲ್‌ರೀಗೆಲ್ ನಗುತ್ತಿದ್ದ. ರೈನ್‌ಹೋಲ್ಡ್‌ನ ಬೆರಳುಗಳು ಹಿಡಿಯನ್ನು ಬಿಡಲೇ ಇಲ್ಲ. ಓಡಿಬಂದ ರೈತನೊಬ್ಬ ಒಂದೊಂದಾಗಿ ಬಿಡಿಸಿದ.

ಎಂಜಿನ್ ಬಿಚ್ಚಿದಾಗ ಪಿಸ್ಟನ್ನಿನ ಸುತ್ತಲ ಬಳೆಯೊಂದು ಮುರಿದು ಕೀಲೆಣ್ಣೆ ಒಳಗೆ ಸೋರಲು ದಾರಿಯಾಗಿತ್ತು ಎಂದು ಗೊತ್ತಾಯಿತು. ಅದನ್ನು ಸರಿಪಡಿಸಿದರು. ಚಳಿಗಾಲಕ್ಕೆ ಮುಂಚೆ ಮತ್ತೆ ಹಾರಬೇಕಿತ್ತು; ಡಾಕ್ಟರ್ ಆಮ್ಟೋರ್ ಎಲ್ಲರೆದುರು ರೈನ್‌ಹೋಲ್ಡ್‌ನ ಹೆಸರನ್ನೇ ಹೇಳಿದರು.

"ನನ್ನ ಕೈಲಾಗಲ್ಲ ಡಾಕ್ಟ್ರೇ," ಎಂದ ರೈನ್‌ಹೋಲ್ಡ್. "ನಂಗೆ ಭಯ ಆಗುತ್ತೆ."

"ಹಲಗೆ ಹಿಡಿದ ಹುಲಿ ಎಲ್ಲೋಯ್ತಪ್ಪಾ?" ಎಂದು ಬೆಸುಗೆ ಕೆಲಸದ ಟೀಮೆಕೆ ಚುಚ್ಚಿದ. ಒಬ್ಬಿಬ್ಬರು ನಕ್ಕರು. ಡಾಕ್ಟರ್ ಸರಿ ಎಂದು ಬೇರೆಯವನ ಹೆಸರು ಬರೆದುಕೊಂಡರು. ಆ ಹಾರಾಟದಲ್ಲಿ ಏನೂ ಆಗಲಿಲ್ಲ. ಅದೇ ಎಂಜಿನ್ನಿನ ತಮ್ಮಂದಿರಂಥ ಹೊಸ ಎಂಜಿನ್ನುಗಳು ಮುಂದೆ ಟಪಾಲು ಹೊತ್ತು ದೂರದೂರ ಹಾರಿದವು.

ರೈನ್‌ಹೋಲ್ಡ್ ಮತ್ತೆ ಎಂದೂ ವಿಮಾನ ಹತ್ತಲಿಲ್ಲ. ಪರೀಕ್ಷಾ ಕೊಠಡಿ ಮಾತ್ರ ಬಿಡಲಿಲ್ಲ. ಪ್ರತಿ ಬೆಳಿಗ್ಗೆ ಗೇಟಿನ ಹೊರಗೆ ಒಂದು ಕ್ಷಣ ನಿಂತು, ಭಯ ಒಂದಿಷ್ಟು ಇಳಿದ ಮೇಲೆ ಒಳಗೆ ಹೋಗುತ್ತಿದ್ದ. ಕೆಲವು ದಿನ ಅದು ಇಳಿಯುತ್ತಲೇ ಇರಲಿಲ್ಲ. ಹಾಗೆಯೇ ಹೋಗುತ್ತಿದ್ದ.