ನಸ್ರೀನ್ ಆರಿಸಿಕೊಂಡ ವಿಷಯ

ಗೆಳೆಯರೇ, ಇದನ್ನು ನಮ್ಮ ಕಾಲೇಜಿನ ಗೋಡೆಪತ್ರಿಕೆಗೆ ಅಂಟಿಸಲು ನನ್ನ ಗೆಳತಿ ನಸ್ರೀನಳೇ ಒಪ್ಪಿದ್ದಾಳೆ.

ಇವತ್ತು ಬೆಳಿಗ್ಗೆ ಹರಿಹರದ ಅವಳ ಮನೆಗೆ ಹೋದಾಗ ದಾವಣಗೆರೆಯಿಂದ ಅವಳ ಸೋದರಮಾವ ಬಂದು ಕೂತಿದ್ದರು. ಹುಡುಗಿಗೆ ಡಿಗ್ರಿ ಸಾಕು, ಮದುವೆ ಮಾಡಿ ಎನ್ನುವುದು ಅವರ ಹಟ.

"ಎಂಎಗೆ ಯಾವ ಸಬ್ಜೆಕ್ಟು?" ಎಂದು ಮುಖ ಗಂಟಿಕ್ಕಿ ಕೇಳಿದರು.

"ಇಸ್ಲಾಮಿಕ್ ಅರ್ಥಶಾಸ್ತ್ರ, ಮಾಮು."

ಮಾಮುವಿನ ಮುಖ ಅರಳಿತು. "ಶಾಬಾಷ್! ಇದನ್ನ ಮೊದ್ಲೇ ಹೇಳಬಾರ್ದಾ? ಓದು ಬೇಟಿ, ಓದು. ಅದ್ರಾಗೆ ಏನೇನ್ ಐತೆ?"

"ಬಡ್ಡಿ ಯಾಕ ಬ್ಯಾಡ, ಬಡವರಿಗೆ ಜಕಾತ್ ಹೆಂಗೆ ಕೊಡ್ಬೇಕು, ಎಲ್ಲಾ ಐತೆ. ಅಪ್ಪನ ಆಸ್ತ್ಯಾಗೆ ಹೆಣ್ಮಕ್ಕಳ ಪಾಲು ಎಷ್ಟು ಅನ್ನೋದೂ ಐತೆ. ನಂಗೆ ಓದ್ಬೇಕು ಅನ್ಸಿದ್ದೇ ಅದಕ್ಕೆ."

ಮಾಮುವಿನ ಕೈಯ ಚಹಾ ಬಾಯಿಗೆ ಹೋಗಲಿಲ್ಲ. ನಸ್ರೀನಳ ತಾಯಿಗೆ ತವರಿಂದ ಬರಬೇಕಾದ ಹೊಲ ಹದಡಿಯಲ್ಲಿದೆ. ಅದನ್ನೂ ಸೇರಿಸಿ ಉಳುತ್ತಿರುವವರು ಇದೇ ಮಾಮು.

"ಈಗ ಎಲ್ರೂ ಕಂಪ್ಯೂಟರ್ ಕಲೀತಾರಮ್ಮ," ಎಂದರು ಮೆಲ್ಲಗೆ. "ನೀನೂ ಅದನ್ನೇ ಕಲಿ. ಫೀಸು ನಾನೇ ಕಟ್ತೀನಿ."

ನಸ್ರೀನಳ ತಾಯಿ ಅಡುಗೆಮನೆಯಿಂದ ಬಂದರು. ಅವರು ಅಣ್ಣನೆದುರು ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಇವತ್ತು ಕುರ್ಚಿ ಎಳೆದುಕೊಂಡು ಕೂತರು.

"ಕಂಪ್ಯೂಟರ್ ಬ್ಯಾಡ ಭಾಯಿಜಾನ್. ಅವ್ಳು ಇದನ್ನೇ ಓದ್ಲಿ. ಓದಿದ್ದನ್ನ ನಂಗೂ ಹೇಳ್ಲಿ."

ಮಾಮು ಊಟಕ್ಕೂ ನಿಲ್ಲದೆ ಬಸ್ಸು ಹಿಡಿದರು.

ಅದೇ ವಿಷಯಕ್ಕೆ ನಾನೂ ಅರ್ಜಿ ಹಾಕಬೇಕೆಂದಿದ್ದೇನೆ. ನಮ್ಮದು ಲಿಂಗಾಯತರ ಮನೆ, ನಿಜ. ಆದರೆ ನಮ್ಮವ್ವನಿಗೂ ಆವರಗೆರೆಯಲ್ಲಿ ಇಬ್ಬರು ಅಣ್ಣಂದಿರಿದ್ದಾರೆ.